ಉಡಕಿಗೆ ಬಂದ ಮುತ್ತೈದೆ

“ಉಡಕಿ ಅಂದ್ರ ಲಗ್ನ ಅಲ್ರಿ ವಕೀಲಸಾಬ್! ಗಂಡ ಸತ್ತಾಕಿಗೆ ಸೀರಿ ಕೊಡೋದು, ಅಷ್ಟೇ. ಉಡು ಅಂದ, ಉಟ್ಟಳು, ಮುಗೀತು. ಅದಕ್ಕ ಲಗ್ನ ಅಂತ ನಾ ಬರದು ಕೊಟ್ಟರ ಕಲಬುರಗಿ ಜಡ್ಜಸಾಹೇಬರು ನನ್ನ ರುಮಾಲು ತೆಗಿಸಿ ಬಿಸಲಾಗ ನಿಲ್ಲಸ್ತಾರ.”

ಸೇಡಂನ ಪಾಂಡುರಂಗರಾಯರು ಟಾಕನ್ನು ಮಸಿಯಲ್ಲಿ ಅದ್ದಿದರು, ಆದರೆ ಬರೆಯಲಿಲ್ಲ. ಅದಾಲತಿನಲ್ಲಿ ಕನ್ನಡದ ಮಾತನ್ನು ಉರ್ದುವಿಗೆ ತಿರುಗಿಸುವುದು ಅವರ ಕೆಲಸ. ವಾಡಿ ಜಂಕ್ಷನ್ನಿನ ಮುಸಾಫಿರಖಾನೆಯ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ, ತಗಡಿನ ಪೆಟ್ಟಿಗೆಯನ್ನೇ ಮೇಜು ಮಾಡಿಕೊಂಡು ಕುಳಿತಿದ್ದರು. ಪೆಟ್ಟಿಗೆಯ ಮೇಲೆ ಕೈದಿಯ ಜೊತೆ ಹೋಗಬೇಕಾದ ಪೊಲೀಸರ ಕಾಗದ, ಚಾಲಾನು. ಚಾಲಾನಿನಲ್ಲಿ ಒಂದೇ ಒಂದು ಜಾಗ ಖಾಲಿ.

ಆ ಜಾಗ ಯಾರ ಸಲುವಾಗಿ ಖಾಲಿ ಇತ್ತೋ ಅವಳು ಗೋಡೆಗೆ ಒರಗಿದ್ದಳು. ಚಿಮ್ಮನಚೋಡದ ಮಗಳು, ಎಳೆಯ ವಯಸ್ಸಿಗೇ ಗಂಡನನ್ನು ಕಳೆದುಕೊಂಡ ಭಾಗಮ್ಮ. ಫರಸಿ ಖಣಿಯ ಧಣಿ ಸೂಗಪ್ಪನ ಮನೆ ಸೇರಿದವಳು, ಈಗ ಅದೇ ಸೂಗಪ್ಪನನ್ನು ಕೊಂದು ಖಣಿಯ ನೀರಿಗೆ ನೂಕಿದಳೆಂದು ಕೈಗೆ ಬೇಡಿ ಹಾಕಿಸಿಕೊಂಡಿದ್ದಾಳೆ. ಚಿತ್ತಾಪುರದಿಂದ ಬಂದು ಇಲ್ಲಿ ಗಾಡಿ ಬದಲಿಸಬೇಕು. ಮುಂದೆ ಕಲಬುರಗಿ, ಜೈಲು.

ಚಾಲಾನಿನಲ್ಲಿ ಕೇಳಿದ್ದು ಇಷ್ಟೇ: ಸತ್ತವನಿಗೆ ಇವಳು ಏನಾಗಬೇಕು?

ಅದಕ್ಕೆ ಉರ್ದುವಿನ ಎರಡು ಶಬ್ದ ಸಿದ್ಧವಾಗಿದ್ದವು. ಮನಕೂಹಾ ಎಂದರೆ ಮದುವೆಯಾದ ಹೆಂಡತಿ. ಮದಖೂಲಾ ಎಂದರೆ ಇಟ್ಟುಕೊಂಡವಳು. ಮೊದಲನೆಯದು ಬಿದ್ದರೆ ಅವಳ ವಕೀಲ ನಾಗೇಂದ್ರಪ್ಪ ಜಾಮೀನು ಕೇಳಬಹುದು, ಕೂಡಿ ಬಾಳುತ್ತಿದ್ದ ಗಂಡನನ್ನು ಇವಳು ಯಾಕೆ ಕೊಂದಾಳು ಎಂದು ಕೇಳಬಹುದು. ಎರಡನೆಯದು ಬಿದ್ದರೆ ಕೇಸು ಹಿಡಿದ ಪೊಲೀಸ್ ಅಧಿಕಾರಿ ಅಮೀನ್ ಸಾಹೇಬರ ಕಥೆ ಸರಿಯಾಗಿ ಕೂತುಬಿಡುತ್ತದೆ. ಲಗ್ನವಾಗು ಎಂದು ಇವಳು ಕಾಡಿದಳು, ಅವನು ಒಲ್ಲೆ ಎಂದ, ಇವಳು ಕೊಂದಳು.

“ಜಲ್ದಿ ಮಾಡ್ರಿ ರಾಯರೇ,” ಅಮೀನ್ ಸಾಹೇಬರು ಪಾನಿನ ಬಾಯಲ್ಲೇ ಗೊಣಗಿದರು. “ಗಾಡಿ ಬರೋ ವಕ್ತ ಆತು. ನಮ್ಮಲ್ಲಿ ಗಂಡ ಸತ್ತ ಬೇವಾ ನಿಕಾಹ್ ಆದ್ರೂ ನಿಕಾಹ್ ನಿಕಾಹೇ. ನಿಮ್ಮದೇನ್ರಿ ಇದು, ಒಂದು ಸೀರಿಗೆ ಇಷ್ಟು ಲಫಡಾ?”

“ಸೀರಿ ಅಲ್ರಿ ಸಾಹೇಬ್ರ, ಸಂಸಾರ.” ನಾಗೇಂದ್ರಪ್ಪ ದವಡೆಯಲ್ಲಿದ್ದ ಲವಂಗವನ್ನು ಈಚೆಯಿಂದ ಆಚೆ ತಳ್ಳಿದ. “ರಾಯರೇ, ಒಂದು ಮಾತು ಕೇಳ್ತೀನಿ. ಉಡಕಿ ಆದಾಕಿ ಹೊಟ್ಟಿಲೆ ಹುಟ್ಟಿದ ಕೂಸಿಗೆ ಹೊಲದಾಗ ಪಾಲು ಕೊಡ್ತಾರೋ ಇಲ್ಲೋ?”

“ಕೊಡ್ತಾರ. ನಾ ಇಲ್ಲ ಅಂದೇನು?”

“ಆ ಕೂಸಿಗೆ ಅಯ್ಯನೋರು ಲಿಂಗ ಕಟ್ತಾರೋ ಇಲ್ಲೋ?”

“ಕಟ್ತಾರ.”

“ಮತ್ತ ಮಂದಿ ಬಾಯಾಗ ಅದು ಲಗ್ನನೇ ಆತಲ್ಲ. ನಿಮ್ಮ ಪುಸ್ತಕದಾಗ ಮಾತ್ರ ಅದು ಸೀರಿ.”

“ಮಂದಿ ಬಾಯಿ!” ರಾಯರು ನಕ್ಕರು. “ಮಂದಿ ನನಗ ಮುನಶಿ ಅಂತಾರ. ನಾ ಮುನಶಿ ಏನು? ಕಿರಾಣಿ ಅಂಗಡಿ ಸಾಯಬಣ್ಣಗ ಸಾವಕಾರ ಅಂತಾರ, ಅವನ ಹತ್ರ ಹತ್ತಿ ಅಂಗಿ ಬಿಟ್ಟು ಏನದ? ಶಬ್ದಕ್ಕ ಒಂದು ಮೂಲ ಅಂತ ಇರ್ತದ ನಾಗೇಂದ್ರಪ್ಪ. ಮುಹೂರ್ತ ಇಲ್ಲ, ವಾಜಂತ್ರಿ ಇಲ್ಲ, ಅಕ್ಷತಿ ಇಲ್ಲ. ಕತ್ತಲಾಗ, ಬಾಗಲಾ ಹಾಕ್ಕೊಂಡು ಮಾಡೋ ಕಾರ್ಯ. ಕಳವಿನಂಗ!”

ಮುಸಾಫಿರಖಾನೆಯೆಂದರೆ ನಿಮಗೆ ಗೊತ್ತಲ್ಲ, ಅಲ್ಲಿ ಇಬ್ಬರು ಮಾತಾಡಿದರೆ ಇಪ್ಪತ್ತು ಜನ ಪಂಚರಾಗುತ್ತಾರೆ. ಸೀತಾಫಲದ ಬುಟ್ಟಿಯವನೊಬ್ಬ ವಕೀಲನ ಕಡೆಯಾದ. ಅವನ ಹೆಂಡತಿ ರಾಯರ ಕಡೆಯಾದಳು. ಮೂಲೆಯಲ್ಲಿ ಬಳೆಯ ಮಲಾರ ಇಳಿಸಿಕೊಂಡು ಕುಳಿತಿದ್ದ ಸೈದಾನಬಿಗಂತೂ ತಡೆಯಲಾಗಲಿಲ್ಲ. ಶಹಾಬಾದದಿಂದ ಸೇಡಂತನಕ ಯಾರ ಮನೆಯ ಕೈ ಎಷ್ಟು ದಪ್ಪ ಎಂದು ಬಲ್ಲವಳು ಅವಳು.

“ಕಳವು ಅನಬ್ಯಾಡ್ರಿ ಸ್ವಾಮಿ. ಉಡಕಿ ಅಂದ್ರ ಅದರ ರೀತಿನೇ ಹಂಗ. ಗಂಡ ಸತ್ತಾಕಿಗೆ ಗಂಡ ಸತ್ತವರೇ ಉಡಿ ತುಂಬಬೇಕು. ಮುತ್ತೈದೇರು ಅವತ್ತ ಆ ಮನಿ ಹೊಸ್ತಿಲ ತುಳಿಯಂಗಿಲ್ಲ. ಬ್ಯಾರೆ ಮನ್ಯಾಗ ಕೂಡಿ ಕುಂಕುಮ ಹಚ್ಕೊಂಡು, ಹಾಡು ಹೇಳಿ ಬೆಳಗ ಮಾಡ್ತಾರ. ಉಡಕಿ ನೋಡಿದ್ರ ಗಂಡನ ಜೀವಕ್ಕ ಕೇಡಂತ.”

“ಕೇಳಿದ್ರೇನು?” ರಾಯರು ಗೆದ್ದವರಂತೆ ಟಾಕನ್ನು ಎತ್ತಿದರು. “ಮುತ್ತೈದಿ ಕಣ್ಣಿಲೆ ನೋಡಬಾರದ ಕಾರ್ಯ ಅದು. ಅದಕ್ಕ ಲಗ್ನ ಅಂತ ಹೆಂಗ ಬರೀಲಿ?”

“ಬರಿಯೋ ಜರೂರತ್ತೇ ಇಲ್ರಿ,” ಎಂದು ಆಚೆಯ ಬೆಂಚಿನಿಂದ ಒಂದು ಹೆಣ್ಣುದನಿ ಬಂತು. “ಉಡಕಿನೂ ಆಗಿಲ್ಲ, ಗಿಡಕಿನೂ ಆಗಿಲ್ಲ. ನಮ್ಮ ಭಾವನೋರು ಇಕಿನ್ನ ಇಟ್ಕೊಂಡಿದ್ರು. ಕೂಳು ಹಾಕಿದ ಕೈನೇ ಕಡೀತು ಇದು.”

ಸೂಗಪ್ಪನ ತಮ್ಮ ಖಂಡಪ್ಪನ ಹೆಂಡತಿ ರತ್ನಾಬಾಯಿ. ಪೊಲೀಸರ ಮುಖ್ಯ ಸಾಕ್ಷಿ. ಹಣೆಯ ತುಂಬ ಕುಂಕುಮ, ಮೊಣಕೈತನಕ ಹಸಿರು ಬಳೆ, ಪಕ್ಕದಲ್ಲಿ ಕೆಂಪು ಅರಿವೆಯಲ್ಲಿ ಕಟ್ಟಿದ ದೊಡ್ಡ ಬುತ್ತಿ. ಭಾಗಮ್ಮನನ್ನು ಒಳಗೆ ಕರೆತಂದಾಗಿನಿಂದ ಅವಳು ಒಮ್ಮೆಯೂ ಆ ಕಡೆ ಮುಖ ತಿರುಗಿಸಿರಲಿಲ್ಲ.

“ನಿಮ್ಮ ಯಜಮಾನರು ಬರಲಿಲ್ಲೇನ್ರಿ?” ನಾಗೇಂದ್ರಪ್ಪ ಕೇಳಿದ. “ಅಣ್ಣ ಸತ್ತ ಕೇಸು.”

“ಎಷ್ಟು ಸಲ ಹೇಳ್ಲಿ? ದಸರಾಕ್ಕಿಂತ ಮೊದಲೇ ಅಣ್ಣನ ಕೂಡ ಜಗಳಾಡಿ ಸೊಲ್ಲಾಪುರ ಮಿಲ್ಲಿಗೆ ಹೋಗ್ಯಾರ. ಅವರ ಸಲುವಾಗೇ ನಾ ನಾಲವಾರ ಮಠಕ್ಕ ಹೋಗಿ ಹೋಗಿ ಬರ್ಲಿಕತ್ತೀನಿ.”

“ಬರ್ರಿ ರಾಯರೇ, ಮದಖೂಲಾ,” ಅಮೀನರು ಕೈಬೀಸಿದರು. “ಖತಂ.”

ಟಾಕು ಕಾಗದ ಮುಟ್ಟುವಷ್ಟರಲ್ಲಿ ಬೇಡಿಯ ಸರಪಳಿ ಝಣ್ ಎಂದಿತು.

“ಬರೀಬ್ಯಾಡ್ರಿ!”

ಎಲ್ಲರೂ ತಿರುಗಿದರು. ಇಲ್ಲಿಗೆ ಬಂದಾಗಿನಿಂದ ಬಾಯಿ ಬಿಡದಿದ್ದ ಭಾಗಮ್ಮ ಎದ್ದು ನಿಂತಿದ್ದಳು. ಸರಪಳಿಯ ಇನ್ನೊಂದು ತುದಿ ಹಿಡಿದಿದ್ದ ಜವಾನ ಚಂದ್ರಾಮ ಕೂತಲ್ಲೇ ಮುಗ್ಗರಿಸಿದ.

“ಜೇಲಿಗೆ ಹಾಕ್ರಿ, ಫಾಸಿಗೆ ಹಾಕ್ರಿ. ಆ ಶಬ್ದ ಬರೀಬ್ಯಾಡ್ರಿ. ನಮ್ಮವ್ವ ಇನ್ನಾ ಬದುಕ್ಯಾಳ. ಚಿಮ್ಮನಚೋಡದಾಗ ಬಾವಿಗೆ ನೀರಿಗಿ ಹೆಂಗ ಹೋದಾಳು?”

“ಹಂಗಾದ್ರ ಹೇಳವ್ವ,” ನಾಗೇಂದ್ರಪ್ಪ ಅವಳ ಹತ್ತಿರ ಹೋಗಿ ಕುಕ್ಕರಗಾಲಲ್ಲಿ ಕುಳಿತ. “ಇಷ್ಟು ದಿನ ಕೇಳಿ ಕೇಳಿ ನನ್ನ ಗಂಟಲ ಹರೀತು. ಉಡಕಿ ಆತು ಅಂತಿ. ಊರ ಹೆಂಗಸರು ಸುದ್ದಿ ಕೇಳೀವಿ ಅಂತಾರ, ಕಣ್ಣಿಲೆ ನೋಡೀವಿ ಅನ್ನೋರಿಲ್ಲ. ಉಡಿ ಯಾರು ತುಂಬಿದ್ರು ಅಂದ್ರ ನೆಲ ನೋಡ್ತಿ. ಯಾರಿದ್ರು ಅಲ್ಲಿ?”

“ಗುರುಲಿಂಗಮ್ಮಾಯಿ ಇದ್ದಳ್ರಿ. ಖಣಿ ಕೇರಿ ಮುದುಕಿ.”

“ಕರೆಸೋಣು.”

“ಹೆಂಗ ಕರೆಸ್ತೀರಿ? ಹೋದ ವಾರ ಅಕಿನೂ ಸತ್ತಳು. ಚಂದಾಗೇ ಇದ್ದಾಕಿ, ಬೆಳಗಾಗೋದ್ರಾಗ ಇಲ್ಲ.”

ಸೀತಾಫಲದವನ ಹೆಂಡತಿ ಸೆರಗನ್ನು ಬಾಯಿಗೆ ಒತ್ತಿಕೊಂಡಳು.

“ಮತ್ತ ಯಾರಿದ್ರು?”

ಭಾಗಮ್ಮ ಆಚೆಯ ಬೆಂಚನ್ನು ನೋಡಿದಳು.

“ರತ್ನಕ್ಕಾ, ತಪ್ಪಾತವ್ವ. ನಿನ್ನ ತಾಳಿ ಮ್ಯಾಲ ಆಣಿ ಇಡಿಸಿದ್ದಿ, ಯಾರ ಮುಂದೂ ಹೇಳಬ್ಯಾಡ ಅಂದಿದ್ದಿ. ನಿನ್ನ ಗಂಡಗ ಏನರ ಆದೀತು ಅಂತ ನಾ ಬಾಯಿ ಹೊಲ್ಕೊಂಡು ಕುಂತಿದ್ದೆ. ನೀನೇ ನನಗ ಇಟ್ಕೊಂಡಾಕಿ ಅಂದ ಮ್ಯಾಲ ಇನ್ನೇನು ಉಳೀತು?” ಮತ್ತೆ ವಕೀಲನ ಕಡೆ ತಿರುಗಿದಳು. “ಉಡಿ ತುಂಬಿದಾಕಿ ಇಕಿನೇ ರಿ. ನನ್ನ ನೆಗೆಣ್ಣಿ. ಮುತ್ತೈದಿ ಆದ್ರೂ ನನ್ನ ಮ್ಯಾಲಿನ ಮಾಯಕ್ಕ ಬಂದಿದ್ದಳು.”

“ಸುಳ್ಳ!”

“ಸುಳ್ಳೇನಕ್ಕಾ?” ಬೇಡಿಯ ಕೈಗಳಿಂದಲೇ ಭಾಗಮ್ಮ ಸೊಂಟದ ಗಂಟು ಬಿಚ್ಚಿದಳು. ಅಂಗೈ ಅಗಲಕ್ಕೆ ಮಡಿಸಿದ ಒಂದು ಖಣ ಹೊರಬಂತು. ಕೆನ್ನೀಲಿ ಬಣ್ಣ, ನಡುವೆ ಬಿಳಿಯ ಬುಟ್ಟಾ. “ಅವತ್ತ ಉಡಿಯಾಗ ಹಾಕಿದ ಖಣ. ಹೊಲಿಸ್ಕೊಳ್ಳಲಿಕ್ಕೆ ಯಾಳ್ಯಾನೇ ಸಿಗಲಿಲ್ಲ.”

ನಾಗೇಂದ್ರಪ್ಪ ಅದನ್ನು ಬಿಡಿಸಿ ನೋಡಿದ. ರತ್ನಾಬಾಯಿಯ ಕುಬಸವನ್ನೂ ನೋಡಿದ. ಅದೇ ಕೆನ್ನೀಲಿ.

“ಸಂತ್ಯಾಗ ಹಿಂತಾವು ರಾಶಿ ಬರ್ತಾವ,” ಎಂದಳು ರತ್ನಾಬಾಯಿ.

“ಬರ್ತಾವ ಬೇಟಿ,” ಸೈದಾನಬಿ ಯಾರೂ ಕರೆಯದೆಯೇ ಎದ್ದು ಬಂದಿದ್ದಳು. ಖಣದ ಅಂಚನ್ನು ರತ್ನಾಬಾಯಿಯ ತೋಳಿನ ಹತ್ತಿರ ಹಿಡಿದಳು. “ಆದ್ರ ಕತ್ರಿ ಬಿದ್ದದ್ದು ಒಂದೇ ಕಡಿ. ಇಲ್ಲಿ ನೋಡ್ರಿ, ಅರ್ಧಾ ಹೂ ಇದರಾಗ ಅದ, ಇನ್ನರ್ಧಾ ಇಕಿ ತೋಳಿನ ಮ್ಯಾಲ ಅದ.”

ಹೂ ಕೂಡಿತು.

ರತ್ನಾಬಾಯಿ ತೋಳನ್ನು ಸೆರಗಿನಿಂದ ಮುಚ್ಚಿಕೊಂಡಳು. ಆಮೇಲೆ, ಯಾರೂ ನಿರೀಕ್ಷಿಸದ ಹಾಗೆ, ನಕ್ಕಳು.

“ಹೂಂ. ಹೋಗಿದ್ದೆ. ಎಳೀ ಹುಡುಗಿ, ಕನಿಕರ ಬಂತು. ಉಡಿ ತುಂಬಿದೆ. ಮಂದಿ ಏನಂದಾರಂತ ಮುಚ್ಚಿಟ್ಟೆ. ಉಡಿ ತುಂಬೋದು ಖೂನೇನು? ಬರಕೋರಿ ರಾಯರೇ, ಉಡಕಿ ಆಗ್ಯಾದ, ಇಕಿ ಹೆಂಡತಿ. ಈಗ ಖುಷಿ ಆತಲ್ಲ ವಕೀಲಸಾಬ್ರಿಗೆ?”

ರಾಯರು ಅಮೀನರ ಮುಖ ನೋಡಿದರು. ಅಮೀನರು ಹೆಗಲು ಕುಣಿಸಿದರು. ಟಾಕು ಕರಕರ ಎಂದಿತು. ಮನಕೂಹಾ.

ಭಾಗಮ್ಮ ಗೋಡೆಗೆ ಜಾರಿ ಕುಳಿತು ಎರಡೂ ಕೈಯಿಂದ ಮುಖ ಮುಚ್ಚಿಕೊಂಡು ಅತ್ತಳು. ಹುಡುಗಿ ಸೂತಕದ ಮನೆಯಲ್ಲೂ ಹಾಗೆ ಅತ್ತಿರಲಿಲ್ಲ.

ಬೇಕಾದ ಶಬ್ದ ಸಿಕ್ಕಿತ್ತು. ನಾಗೇಂದ್ರಪ್ಪನಿಗೆ ಸಂತೋಷವಾಗಬೇಕಿತ್ತು. ಆಗಲಿಲ್ಲ. ಇಷ್ಟು ಸುಲಭಕ್ಕೆ ಯಾರೂ ಸೋಲುವುದಿಲ್ಲ. ಇನ್ನೊಂದು ಏನನ್ನೋ ಕಾಯಲು ರತ್ನಾಬಾಯಿ ಇದನ್ನು ಬಿಟ್ಟುಕೊಟ್ಟಿದ್ದಾಳೆ. ಏನನ್ನು?

ಅವನ ದವಡೆಯಲ್ಲಿ ಲವಂಗ ನಿಂತುಬಿಟ್ಟಿತು.

“ಸೈದಾನಬಿ, ಇವರಿಗೆ ಎಷ್ಟು ದಿನದಿಂದ ಬಳಿ ಇಡ್ತಿ ನೀ?”

“ಲಗ್ನ ಆಗಿ ಬಂದಾಗಿಂದ. ಈಗ ಇಡೋದಿಲ್ಲ. ನಮ್ಮ ಮಿಯಾ ತೀರಿಕೊಂಡ ಮ್ಯಾಲ ನನ್ನ ಕೈಲೆ ಇಡಿಸ್ಕೊಳ್ಳಂಗಿಲ್ಲ ಇಕಿ. ಮಲಾರ ನಾ ಹೊತ್ತು ತರಬೇಕು, ಬಳಿ ನನ್ನ ಸೊಸಿ ಇಡಬೇಕು. ರಾಂಡಮುಂಡಿ ಕೈ ತಾಕಿದ್ರ ಗಂಡಗ ಕೇಡಾಗ್ತದಂತ. ನಾ ಸಿಟ್ಟ ಮಾಡಂಗಿಲ್ಲಪ್ಪ, ಅವರವರ ಅಂಜಿಕಿ ಅವರವರಿಗೆ.”

“ಅಷ್ಟು ಅಂಜೋ ಬಾಯಿ,” ನಾಗೇಂದ್ರಪ್ಪ ಮೆಲ್ಲಗೆ ಹೇಳಿದ, “ಉಡಕಿ ಮನಿಗೆ ಹೋದಳು.”

ರತ್ನಾಬಾಯಿಯ ನಗು ಅಲ್ಲೇ ಉಳಿದಿತ್ತು, ಆದರೆ ಕಣ್ಣಿನಲ್ಲಿ ಇರಲಿಲ್ಲ.

“ಕನಿಕರ ಬಂತಂದೆನಲ್ಲ.”

“ಕನಿಕರ ಬಂದ್ರ ಮಾರನೇ ದಿನ ಒಂದು ಸೀರಿ ಕೊಡ್ತಿದ್ರಿ. ಬುಟ್ಟಿಗಟ್ಟಲೆ ಕಾಳು ಕಳಸ್ತಿದ್ರಿ. ಬಳಿಗಾರ್ತಿ ಕೈ ತಾಕಿದ್ರ ಗಂಡ ಸತ್ತಾನು ಅಂತ ನಡಗೋ ಹೆಣ್ಣು, ಉಡಕಿ ಹೊಸ್ತಿಲ ದಾಟಂಗಿಲ್ಲ ರತ್ನಾಬಾಯಿ. ಒಂದೇ ಒಂದು ಮಾತಿಗೆ ದಾಟ್ತಾಳ.”

“ಯಾವ ಮಾತಿಗೆ?” ಎಂದು ಕೇಳಿದವರು ಪಾಂಡುರಂಗರಾಯರು. ಅವರಿಗೆ ಅರ್ಥವಾಗತೊಡಗಿತ್ತು.

“ಇನ್ನ ಮ್ಯಾಲ ಕೇಡಾಗಲಿಕ್ಕೆ ಗಂಡನೇ ಇಲ್ಲ ಅಂತ ಗೊತ್ತಿದ್ರ.”

ಸೀತಾಫಲದ ಬುಟ್ಟಿಯಿಂದ ಒಂದು ಹಣ್ಣು ಉರುಳಿತು. ಯಾರೂ ಎತ್ತಿಡಲಿಲ್ಲ.

“ಅವತ್ತ ಊರ ಮುತ್ತೈದೇರೆಲ್ಲ ಬ್ಯಾರೆ ಮನ್ಯಾಗ ಕೂಡಿದ್ರು,” ನಾಗೇಂದ್ರಪ್ಪ ನಿಲ್ಲಿಸಲಿಲ್ಲ. “ಒಬ್ಬರಿಗೊಬ್ಬರು ಕುಂಕುಮ ಹಚ್ಚಲಿಕತ್ತಿದ್ರು. ಅಲ್ಲಿಗೆ ಹೋಗಿ ಹಣಿ ಮುಂದ ಮಾಡಲಿಕ್ಕೆ ನಿಮಗ ಆಗಲಿಲ್ಲ. ಮನ್ಯಾಗ ಕುಂತರ ಯಾಕ ಬರಲಿಲ್ಲ ಅಂತ ಕರೀಲಿಕ್ಕೆ ಬರ್ತಾರ. ಇವತ್ತಿನತನಾ ನೀವು ಹಣಿ ಮ್ಯಾಲ ಎಷ್ಟರ ಸುಳ್ಳ ಹಚ್ಕೊಂಡಿರಬೇಕು, ಆ ಒಂದು ದಿನ ಮಾತ್ರ ಆಗಲಿಲ್ಲ. ಕಾಲು ತಾನೇ ತನ್ನ ಜಾಗಾಕ್ಕ ಕರಕೊಂಡು ಹೋತು. ಗಂಡ ಸತ್ತವರ ಜಾಗಾಕ್ಕ.”

ರತ್ನಾಬಾಯಿಯ ಎಡಗೈ ಬಲಗೈಯ ಬಳೆಗಳನ್ನು ಬಿಗಿಯಾಗಿ ಹಿಡಿದಿತ್ತು, ಸದ್ದಾಗದ ಹಾಗೆ.

“ರಾಯರೇ, ಸಾಕ್ಷಿದಾರರ ಹೆಸರು ಓದ್ರಿ.”

“ರತ್ನಾಬಾಯಿ, ಜೌಜೆ ಖಂಡಪ್ಪ.” ಜೌಜೆ ಎಂದರೆ ಹೆಂಡತಿ. ರಾಯರು ತಾವೇ ಬರೆದ ಶಬ್ದದ ಮೇಲೆ ಬೆರಳಿಟ್ಟುಕೊಂಡು ಕುಳಿತರು. “ಅಯ್ಯೋ ದೇವರೇ. ಇಷ್ಟೊತ್ತು ನಾವು ಬ್ಯಾರೇ ಕಡಿ ಬಡದಾಡಿದ್ವಲ್ಲ. ತಪ್ಪು ಶಬ್ದ ಬಿದ್ದದ್ದು ಇಲ್ಲಿ!”

“ಏನ್ರಿ ಇದರ ಮತಲಬ್?” ಅಮೀನರು ಪಾನು ಉಗುಳಿ ಬಂದು ನಿಂತರು.

“ಖಂಡಪ್ಪ ಸೊಲ್ಲಾಪುರಕ್ಕ ಹೋಗಿಲ್ಲ ಅಂತ ಮತಲಬ್. ಉಡಕಿಗಿಂತ ಮೊದಲೇ ಸತ್ತಾನ. ಸಾಹೇಬ್ರ, ಖಣಿಯಿಂದ ಹೆಣ ತೆಗಿಸಿದವರು ನೀವೇ. ಸೂಗಪ್ಪ ಕಾಣಿಸದಂಗಾಗಿ ಎರಡೇ ದಿನಕ್ಕ ಹೆಣ ಸಿಕ್ಕಿತು. ಎರಡು ದಿನದ ಹೆಣದಂಗಿತ್ತೇನು?”

ಅಮೀನರ ಕೈ ತಾನಾಗಿ ಮೂಗಿಗೆ ಹೋಯಿತು. ಅವರಿಗೆ ಆ ದಿನ ನೆನಪಾಗಿರಬೇಕು.

“ತೋಳು ಹಿಡಿದ್ರ ತೊಗಲ ಕೈಗೆ ಬಂತು,” ಎಂದರು ನಿಧಾನಕ್ಕೆ. “ಖಣಿ ನೀರು, ಬಿಸಲು... ಹಂಗೇ ಆಗಿರಬೇಕು ಅನ್ಕೊಂಡೆ.”

“ಮಾರಿ?”

“ಮಾರಿ ಎಲ್ಲಿತ್ತು? ಕಲ್ಲು ಬಿದ್ದು ಪೂರಾ ಹೋಗಿತ್ತು. ಕೊರಳಾಗ ಬೆಳ್ಳಿ ಕರಡಿಗಿ ಇತ್ತು. ಸೂಗಪ್ಪಂದೇ ಅಂತ ಇದೇ ಬಾಯಿ ಗುರುತು ಹಿಡೀತು.”

“ಕರಡಿಗಿ!” ನಾಗೇಂದ್ರಪ್ಪ ತನ್ನ ಎದೆಯ ಮೇಲಿನ ಕರಡಿಗೆಯನ್ನು ಅಂಗಿಯ ಮೇಲಿಂದಲೇ ಮುಟ್ಟಿಕೊಂಡ. “ಜೀವ ಇರೋತನಕ ಯಾರೂ ಕೊರಳಿನ ಲಿಂಗ ಬಿಚ್ಚಂಗಿಲ್ಲ ಅಂತ ನಾವೆಲ್ಲ ನಂಬೀವಿ. ಅದಕ್ಕ ಊರಿಗೆ ಊರೇ ಕರಡಿಗಿ ನೋಡಿ ಕೈ ಮುಗೀತು. ಮನಿಷ್ಯಾನ್ನ ಯಾರೂ ನೋಡಲಿಲ್ಲ. ತಮ್ಮನ್ನ ಕೊಂದು, ಸತ್ತವ ತಾನೇ ಅನಿಸಲಿಕ್ಕೆ ತನ್ನ ಕೊರಳಿಂದ ತಾನೇ ಬಿಚ್ಚಿ ಆ ಹೆಣಕ್ಕ ಕಟ್ಟುವವ ಒಬ್ಬ ಇರ್ತಾನಂತ ನಮಗ ಹೊಳೀಲೇ ಇಲ್ಲ.”

ಹೊರಗೆ ಸಿಗ್ನಲ್ಲಿನ ಕೈ ಕೆಳಗೆ ಬಿತ್ತು. ಹಳಿಗಳ ಆಚೆ, ದಕ್ಷಿಣಕ್ಕೆ, ಹೊಗೆ ಕಾಣಿಸಿತು.

ಭಾಗಮ್ಮ ಅಳು ನಿಲ್ಲಿಸಿದ್ದಳು. “ಯಪ್ಪಾ,” ಎಂದಳು, “ಅಂದ್ರ... ನಮ್ಮವರು?”

ಅವಳ ಮುಖದ ಮೇಲೆ ಮೊದಲು ಬಂದದ್ದು ಬೆಳಕು. ಗಂಡ ಬದುಕಿದ್ದಾನೆ. ಆ ಬೆಳಕು ಅಲ್ಲಿ ನಿಲ್ಲಲಿಲ್ಲ. ಬದುಕಿದ್ದಾನೆ, ನನ್ನ ಕೈಗೆ ಬೇಡಿ ಬಿದ್ದದ್ದು ಅವನಿಗೆ ಗೊತ್ತು, ಸುಮ್ಮನಿದ್ದಾನೆ.

ನಾಗೇಂದ್ರಪ್ಪ ಬೆಂಚಿನ ಮೇಲಿನ ಕೆಂಪು ಬುತ್ತಿಯನ್ನು ಮುಟ್ಟಿ ನೋಡಿದ. ರೊಟ್ಟಿ ಇನ್ನೂ ಬೆಚ್ಚಗಿದ್ದವು. ಒಬ್ಬ ಹೆಂಗಸಿನ ಊಟಕ್ಕೆ ಅದು ಬಹಳ ಹೆಚ್ಚಾಯಿತು.

“ನಾಲವಾರಕ್ಕ ಹೋಗ್ತೀರಿ ಅಂದ್ರಿ. ಗಂಡನ ಸಲುವಾಗಿ ಮಠಕ್ಕ. ಇಲ್ಲದ ಗಂಡನ ಸಲುವಾಗಿ. ಅಲ್ಲಿ ಯಾರಿಗೆ ಬುತ್ತಿ ಒಯ್ತೀರಿ?”

ರತ್ನಾಬಾಯಿ ಬೆಳಗಿನಿಂದ ಮೊದಲ ಸಲ ಭಾಗಮ್ಮನ ಕಡೆ ಮುಖ ತಿರುಗಿಸಿದಳು. ಕುಂಕುಮ ಬೆವರಿಗೆ ಕರಗಿ ಮೂಗಿನ ತನಕ ಇಳಿದಿತ್ತು.

“ಭಾಗಾ,” ಎಂದಳು, “ಈ ಗಾಡಿ ಹತ್ತಬ್ಯಾಡ.”

“ಯಾಕಕ್ಕಾ?”

“ಮುದುಕಿ ಬಾಯಿ ಬಿಡ್ತಾಳಂತ ಗೊತ್ತಾದ ಮ್ಯಾಲ ಮುದುಕಿ ಉಳೀಲಿಲ್ಲ. ನೀ ಕಲಬುರಗಿಗೆ ಹೋಗಿ ಕೋರ್ಟಿನಾಗ ನಿಂದ್ರೂದು ಭಾವನೋರಿಗೆ ಬ್ಯಾಡಾಗ್ಯಾದ. ಯಾವ ಗಾಡಿ ಅಂತ ನಾನೇ ನಾಲವಾರಕ್ಕ ಹೇಳಿ ಕಳಿಸೀನಿ, ಇದರಾಗೇ ಬರ್ತಾರ.” ಅವಳ ದನಿ ಒಡೆಯಿತು. “ನಿನಗ ಉಡಿ ತುಂಬೀನಿ ನಾ. ಹತ್ತಬ್ಯಾಡ.”

“ಚಂದ್ರಾಮ, ಬಾಗಲಾ ಹಾಕು!” ಅಮೀನರು ಕೂಗಿದರು. ಆದರೆ ಇಂಜಿನ್ನಿನ ಸದ್ದು ಆಗಲೇ ಅವರ ಮಾತನ್ನು ನುಂಗಿತ್ತು.

ನಾಲವಾರದ ಕಡೆಯಿಂದ ಬಂದ ಗಾಡಿ ಹೊಗೆ ಬಿಡುತ್ತ ನಿಂತಿತು. ಜನ ಇಳಿದರು, ಹತ್ತಿದರು, ಒಬ್ಬರನ್ನೊಬ್ಬರು ಕೂಗಿ ಕರೆದರು. ಮುಸಾಫಿರಖಾನೆಗೆ ನೇರ ಎದುರಾಗಿ ನಿಂತಿದ್ದ ಡಬ್ಬಿಯ ಬಾಗಿಲು ಒಳಗಿನಿಂದ ತೆರೆಯಿತು. ಕೆಂಪು ಬುತ್ತಿಯ ಪಕ್ಕದಲ್ಲಿ ವಕೀಲ ನಿಂತಿದ್ದ, ಅಮೀನರು ನಿಂತಿದ್ದರು, ಹಣೆಯ ಕುಂಕುಮ ಕದಡಿದ ರತ್ನಾಬಾಯಿ ನಿಂತಿದ್ದಳು.

ಯಾರೂ ಇಳಿಯಲಿಲ್ಲ. ಬಾಗಿಲು ಒಳಗಿನಿಂದಲೇ, ಮೆಲ್ಲಗೆ, ಮತ್ತೆ ಮುಚ್ಚಿಕೊಂಡಿತು.